ಕ್ರೀಡಾಸ್ಫೂರ್ತಿ ರತ್ನ

ಓಕಳಿಪುರಂ, ಬೆಂಗಳೂರು
೧೭ ನವೆಂಬರ್ ೨೦೨೪

ಪ್ರೀತಿಯ ಅಕ್ಷಯಾ,

ನೀನೂ ನಿನ್ನ ಮಗಳು ಮೋನಿಷಾನೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಸನ್ಮಾನದ ಫೋಟೋ ನೋಡಿ "ಏನೇ ಇದು, ಹಲ್ಲು ಕೀಳಿಸ್ಕೊಂಡು ಬಂದವಳ ಥರ ನಿಂತಿದೀಯ?" ಎಂದು ನೀನು ಮೆಸೇಜು ಹಾಕಿ ಎರಡು ವಾರವಾಯಿತು. ತಡವಾಯಿತೆಂದು ಬೈಯಬೇಡ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ನಗುತ್ತೀಯ, ನಾನೂ ನಕ್ಕುಬಿಡುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಹೋಗುತ್ತದೆ. ಅದಕ್ಕೇ ಈ ಕಾಗದ.

ದಸರಾ ಮುಗಿದ ಮೇಲೆ ಚಾಮರಾಜಪೇಟೆಯ ಟೆನಿಸ್ ಕ್ಲಬ್ಬಿನ ಅಧ್ಯಕ್ಷ ಅನಿಲ್ ಕುಮಾರ್ ಫೋನು ಮಾಡಿದ್ದ. "ಮೇಡಂ, ರಾಜ್ಯೋತ್ಸವಕ್ಕೆ ನಿಮ್ಗೆ ಕ್ರೀಡಾಸ್ಫೂರ್ತಿ ರತ್ನ ಕೊಡ್ಬೇಕು ಅಂತ ಕಮಿಟಿ ಡಿಸೈಡ್ ಮಾಡಿದೆ." ಮೇಡಂ ಅಂತೆ! ಚಡ್ಡಿ ಹಾಕಿಕೊಂಡು ಓಡಾಡುವ ಕಾಲದಲ್ಲಿ "ಏಯ್ ರಂಜಿ, ಬಾಲ್ ತಗೊಂಡ್ಬಾ" ಎಂದು ಕೂಗುತ್ತಿದ್ದ ಮಹಾಶಯ. ಈಗ ಸೈಟು ಮಾರುತ್ತಾನೆ, ಕ್ಲಬ್ಬಿನಲ್ಲಿ ಭಾಷಣ ಮಾಡುತ್ತಾನೆ. ಎರಡಕ್ಕೂ ಅವನಲ್ಲಿರುವುದು ಒಂದೇ ದನಿ.

ರತ್ನ ಯಾತಕ್ಕೆ ಗೊತ್ತೇ? ನಾವಿಬ್ಬರೂ ಎರಡು ಸಲ ರಾಜ್ಯ ಡಬಲ್ಸ್ ಗೆದ್ದದ್ದಕ್ಕಲ್ಲ. ನಿನ್ನ ಮಂಡಿ ಕೈಕೊಡುವವರೆಗೆ ಎಂಟು ವರ್ಷ ರೈಲಿನ ಸೆಕೆಂಡ್ ಕ್ಲಾಸಿನಲ್ಲಿ ಊರೂರು ಅಲೆದು ಆಡಿದ್ದಕ್ಕೂ ಅಲ್ಲ. ಅವೆಲ್ಲ ಆ ಜನಕ್ಕೆ ನೆನಪೇ ಇಲ್ಲ. ನಾನು ಸೋತ ಒಂದೇ ಒಂದು ಆಟ ಮಾತ್ರ ನೆನಪಿದೆ.

೮೯ರ ಜೂನಿಯರ್ ಆಯ್ಕೆಯ ಆಟ. ಗೆದ್ದವಳು ನ್ಯಾಷನಲ್ಸಿಗೆ. ಎದುರಿಗೆ ಅನಿಲನ ಅಕ್ಕ ರಕ್ಷಿತಾ, ಅವಳಪ್ಪ ದೊಡ್ಡಬೈರಪ್ಪನವರು ಆಗ ಕ್ಲಬ್ಬಿನ ಸೆಕ್ರೆಟರಿ. ಗೆರೆ ನೋಡಲು ಅಂಪೈರಿಲ್ಲ, ನಮ್ಮ ಕಡೆ ಬಿದ್ದ ಬಾಲನ್ನು ನಾವೇ ಕೂಗಬೇಕಿತ್ತು. ಮೂರನೇ ಸೆಟ್ಟು, ಅವಳಿಗೆ ಮ್ಯಾಚ್ ಪಾಯಿಂಟ್. ಅವಳು ಹೊಡೆದ ಬಾಲು ಹಿಂದಿನ ಗೆರೆಯ ಹತ್ತಿರ ಬಿತ್ತು, ನಾನು "ಇನ್" ಅಂದೆ, ಆಟ ಮುಗಿಯಿತು. ಸೋಲುವ ಹೊತ್ತಿನಲ್ಲೂ ಸುಳ್ಳು ಹೇಳದ ಹುಡುಗಿ ಎಂದು ಕ್ಲಬ್ಬಿನವರು ಅಂದಿನಿಂದ ಪುರಾಣ ಓದುತ್ತಲೇ ಇದ್ದಾರೆ. ಬಾಲು ಔಟಾಗಿತ್ತು ಎಂದು ನಾನು ಹೇಳಿದ್ದು ನಿನಗೊಬ್ಬಳಿಗೆ. "ಮತ್ಯಾಕೇ ಇನ್ ಅಂದೆ?" ಎಂದು ನೀನು ರೈಲಿನಲ್ಲಿ ಕೇಳಿದ್ದಕ್ಕೆ ಬಾಯಿ ತಪ್ಪಿತು ಅಂದಿದ್ದೆ.

ಬಾಯಿ ತಪ್ಪಿರಲಿಲ್ಲ ಕಣೇ. ಅಪ್ಪ ಅಲ್ಲಿ ಮೂವತ್ತು ವರ್ಷ ಮಾರ್ಕರ್ ಆಗಿದ್ದ ಎಂಬುದು ನಿನಗೆ ಗೊತ್ತು. ಬೆಳಗ್ಗೆ ಮಣ್ಣಿನ ಕೋರ್ಟಿಗೆ ನೀರು ಹಾಕಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ಆಮೇಲೆ ಜೊತೆ ಸಿಗದ ಮೆಂಬರುಗಳೊಂದಿಗೆ ಆಡಿ ಸೋಲುವುದು ಅವನ ಕೆಲಸ. ನಾನು ಶಾಲೆ ಬಿಟ್ಟು ಬಂದು ರೋಲರಿನ ಮೇಲೆ ಕೂತು ನೋಡುತ್ತಿದ್ದೆ. ಹೊಟ್ಟೆ ಹೊತ್ತು ಓಡಲಾರದ ಯಾವನೋ ಲಾಯರು ಬಾಲನ್ನು ಬೇಲಿಗೆ ಬಡಿದರೂ ಅಪ್ಪ "ಇನ್ ಸರ್! ಒಳ್ಳೇ ಶಾಟ್ ಸರ್!" ಅನ್ನುತ್ತಿದ್ದ. ಆ ಪುಣ್ಯಾತ್ಮರು ಅದನ್ನು ನಂಬುತ್ತಲೂ ಇದ್ದರು! ನಾನು ಅಕ್ಷರ ಕಲಿಯುವ ಮೊದಲೇ ಆ ಮಾತು ಕಲಿತಿದ್ದೆ.

ಅದಕ್ಕೇ ಈ ಸಲ ನಿರ್ಧಾರ ಮಾಡಿಕೊಂಡು ಹೋದೆ. ಮೈಕಿನಲ್ಲಿ ಬಾಲು ಔಟಾಗಿತ್ತು ಎಂದು ಹೇಳುವುದು, ಅವರ ರತ್ನವನ್ನು ಅವರ ಮೇಜಿನ ಮೇಲೇ ಬಿಟ್ಟು ಬರುವುದು.

ಅಪ್ಪನಿಗೀಗ ಎಂಬತ್ತಮೂರು. ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಜೊತೆಗೆ ಬಂದ. ಆಟೋ ಮುಂದಿನ ಗೇಟಿನಲ್ಲಿ ನಿಂತರೆ ನಾನು ಚಿಲ್ಲರೆ ಎಣಿಸುವಷ್ಟರಲ್ಲಿ ಮಾಯ. ಹುಡುಕಿಕೊಂಡು ಹೋದರೆ ಹಿಂದಿನ ಓಣಿಯಲ್ಲಿ, ಕೆಲಸದವರು ಓಡಾಡುತ್ತಿದ್ದ, ಈಗ ಮುಚ್ಚಿಹೋದ ಸಣ್ಣ ಗೇಟಿನ ಮುಂದೆ ನಿಂತಿದ್ದಾನೆ. ಅಲ್ಲೀಗ ಜನರೇಟರ್ ಇಟ್ಟಿದ್ದಾರೆ. "ಇಲ್ಲೇ ಇತ್ತಲ್ಲಮ್ಮ ದಾರಿ" ಅಂದ.

ಸಭೆಯಲ್ಲಿ ಅನಿಲ್ ಇಪ್ಪತ್ತು ನಿಮಿಷ ತನ್ನ ಹೊಸ ಲೇಔಟಿನ ವರ್ಣನೆ ಮಾಡಿ, ಕೊನೆಯಲ್ಲಿ "ನಮ್ಮ ಮಾರ್ಕರ್ ಚಲುವನ ಮಗಳು" ಎಂದು ನನ್ನನ್ನು ಕರೆದ. ಅಪ್ಪನ ಹೆಸರು ಚಲುವರಾಜು ಎಂದು ಹೇಳಿದರೆ ಅವನ ನಾಲಿಗೆ ಸವೆಯುತ್ತಿತ್ತೇನೋ. ನನ್ನ ತಲೆಗೆ ಪೇಟ ಇಟ್ಟರು, ಅದು ಮೂಗಿಗೆ ಇಳಿಯಿತು. ಮೆಮೆಂಟೊ ಕೊಟ್ಟರು, ಅದರಲ್ಲಿ ಸರ್ವ್ ಮಾಡುತ್ತಿರುವುದು ಒಬ್ಬ ಗಂಡಸು. ಹಣ್ಣಿನ ಬುಟ್ಟಿಯಲ್ಲಿ ಮೇಲಿನ ಎರಡು ಸೇಬು ಬಿಟ್ಟರೆ ಕೆಳಗೆಲ್ಲ ಪೇಪರು. ಇಷ್ಟು ದೊಡ್ಡ ಮನುಷ್ಯರು ಇಷ್ಟು ಸಣ್ಣತನವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆ ನೋಡು.

ಆಮೇಲೆ ರಕ್ಷಿತಾ ಮೈಕು ಹಿಡಿದಳು. ಆ ಒಂದು ನ್ಯಾಷನಲ್ಸಿನ ಮೊದಲ ಸುತ್ತಿನಲ್ಲೇ ಸೋತು ಬಂದು, ರಾಕೆಟ್ಟನ್ನು ಮನೆಯ ಗೋಡೆಗೆ ನೇತುಹಾಕಿಕೊಂಡವಳು. "ರಂಜು, ಆ ಬಾಲ್ ಲೈನ್ ಮೇಲೇ ಬಿದ್ದಿತ್ತು ಅಲ್ವಾ? ನೀನೇ ಹೇಳೇ ಎಲ್ರಿಗೂ" ಎಂದು ಮೈಕನ್ನು ನನ್ನ ಬಾಯಿಗೆ ಹಿಡಿದಳು.

ಮೊದಲ ಸಾಲಿನಲ್ಲಿ, ಸೋಫಾದ ತುದಿಯಲ್ಲಿ, ಅಪ್ಪ ತಲೆ ತಗ್ಗಿಸಿ ಕೂತಿದ್ದ. ಈ ಕಥೆ ಬಂದಾಗಲೆಲ್ಲ ಅವನು ತಲೆ ತಗ್ಗಿಸುತ್ತಾನೆ. ಮಗಳ ಹೊಗಳಿಕೆಗೆ ಸಂಕೋಚ ಎಂದುಕೊಂಡಿದ್ದೆ. ಅವನಿಗೆ ಉಳಿದಿರುವುದು ಈ ಒಂದು ಹೆಮ್ಮೆ, ಅದನ್ನೂ ಕಿತ್ತುಕೊಳ್ಳಲೇ?

"ಇನ್" ಅಂದೆ.

ಏನು ಚಪ್ಪಾಳೆ ಅಂತೀಯ! ಪೇಟ ಸರಿಮಾಡಿಕೊಂಡು ನಕ್ಕೆ. ನೀನು ನೋಡಿದ ಫೋಟೋ ಅದೇ. ಅವರನ್ನೆಲ್ಲ ಮನಸ್ಸಿಗೆ ಬಂದಂತೆ ಬೈದು ಬರೆದಿದ್ದೇನೆ, ಆದರೆ ಅವತ್ತು ಆ ವೇದಿಕೆಯ ಮೇಲೆ ನನಗೆ ಎಲ್ಲರಿಗಿಂತ ಹೆಚ್ಚು ಅಸಹ್ಯ ಹುಟ್ಟಿದ್ದು ನನ್ನ ಮೇಲೆಯೇ.

ಮೋನಿಷಾ ಹುಬ್ಬಳ್ಳಿಯಲ್ಲಿ ಟೂರ್ನಮೆಂಟು ಆಡಲು ಶುರು ಮಾಡಿದ್ದಾಳೆ ಎಂದು ನೀನು ಹೇಳಿದ್ದೆ. ಅವಳಿಗೆ ನನ್ನ ಆಶೀರ್ವಾದ. ಬ್ಯಾಕ್‌ಹ್ಯಾಂಡ್ ನಿಧಾನವಾಗಿ ಬರಲಿ, ಔಟಾದದ್ದನ್ನು ಔಟ್ ಎನ್ನುವ ಗಂಟಲು ಮೊದಲು ಬರಲಿ. ನಿನ್ನ ಮಂಡಿಗೆ ಎಣ್ಣೆ ತಿಕ್ಕುವುದು ಮರೆಯಬೇಡ.

ನಿನ್ನ
ರಂಜಿನಿ

ತಾ.ಕ.: ಇಷ್ಟು ಬರೆದು ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ಅವತ್ತು ವಾಪಸು ಬರುವಾಗ ಕಾಟನ್‌ಪೇಟೆಯ ಟ್ರಾಫಿಕ್ಕಿನಲ್ಲಿ ಆಟೋ ನಿಂತುಬಿಟ್ಟಿತು. ಅಪ್ಪ ಮೆಮೆಂಟೊವನ್ನು ತೊಡೆಯ ಮೇಲೆ ಇಟ್ಟುಕೊಂಡು, ರಸ್ತೆ ನೋಡುತ್ತಲೇ ಹೇಳಿದ: "ನಾಲ್ಕು ಬೆರಳು ಔಟು ಕಣಮ್ಮ ಅದು. ಬೇಲಿ ಹತ್ರಾನೇ ನಿಂತಿದ್ದೆ. ಗೆರೆ ಬೆಳಗ್ಗೆ ನಾನೇ ಹಾಕಿದ್ದು. ಗೆರೆಗೆ ಬಿದ್ದಿದ್ರೆ ಸುಣ್ಣ ಏಳ್ತಿತ್ತು, ಏಳ್ಲಿಲ್ಲ."

ನಾನು ಕೇಳಿದೆ, "ಮತ್ತೆ ಮೂವತ್ತೈದು ವರ್ಷ ಯಾಕಪ್ಪ ಸುಮ್ನಿದ್ದೆ?"

"ಬಾಯಿ ಬಿಟ್ರೆ, ಇನ್ ಅಂತ ಯಾಕಮ್ಮ ಅಂದೆ ಅಂತ ಕೇಳ್ಬೇಕಾಗ್ತಿತ್ತು" ಅಂದ. "ಯಾರು ಕಲ್ಸಿದ್ದು ಅಂತ ನೀನು ಹೇಳ್ಬಿಟ್ಟಿದ್ರೆ?"