ಅದಲುಬದಲಾದ ರೆಕ್ಕೆ

ಮಾನ್ವಿ, ಅಕ್ಟೋಬರ್ 9, ಗುರುವಾರ

ದಸರೆಗೆ ಮನೆ ತೊಳೆದಾಗಿನಿಂದ ಮಲಗುವ ಕೋಣೆಯ ಫ್ಯಾನು ಕಟಕಟ ಎನ್ನುತ್ತಿತ್ತು. ಅಂದಿನಿಂದ ನಮ್ಮ ಮನೆಯವರು ರಾತ್ರಿಯಾದರೆ ದಿಂಬು, ಫೋನು ಎತ್ತಿಕೊಂಡು ಪಡಸಾಲೆಗೆ ಹೋಗುತ್ತಾರೆ. ಅಲ್ಲಿನ ಫ್ಯಾನೇನು ಜೋಗುಳ ಹಾಡುತ್ತಿತ್ತೇ? ಅದೂ ಕಟಕಟವೇ. ನನಗೆ ಅನುಮಾನ ಬಂದದ್ದೇ ಅದಕ್ಕೆ.

ಇವತ್ತು ಹೊಳೆಯಿತು. ತೊಳೆಯಲು ಬಿಚ್ಚಿದ ರೆಕ್ಕೆಗಳನ್ನು ಮತ್ತೆ ಹಾಕುವಾಗ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಸೇರಿದ್ದವು. ಮಧ್ಯಾಹ್ನ ಸ್ಟೂಲು ಹತ್ತಿ ನಾನೇ ಸರಿಮಾಡಿದೆ. ಸದ್ದು ಪೂರ್ತಿ ನಿಂತಿತು. ಬೇಕೆಂದೇ ಅವರಿಗೆ ಹೇಳಲಿಲ್ಲ.

ಊಟವಾದ ಮೇಲೆ ಕೋಣೆಗೆ ಬಂದರು. ಫ್ಯಾನು ತಿರುಗುತ್ತಿತ್ತು, ಗಡಿಯಾರದ ಟಿಕ್‌ಟಿಕ್ ಕೂಡ ಕೇಳುವಷ್ಟು ಮೌನ. ದಿಂಬು ಎತ್ತಿಕೊಂಡರು.

“ಇವತ್ತೂ ಹೊರಗ ಯಾಕ್ರೀ?” ಎಂದೆ.

ಕತ್ತೆತ್ತಿ ಮೇಲೆ ನೋಡಲೂ ಇಲ್ಲ.

“ಈ ಫ್ಯಾನಿನ ಸಪ್ಪಳಕ್ಕ ನಿದ್ದಿ ಹತ್ತಂಗಿಲ್ಲ ನನಗ.”