ಸರದಿ ಬಿಟ್ಟುಕೊಟ್ಟವನ ಅಕ್ಕ

ನರಸೀಪುರ, ಮೇಲಿನ ಕೇರಿ
ಫೆಬ್ರವರಿ ಮೂವತ್ತು, 2190

ಚಂದ್ರಮತಿಗೆ, ನಿನ್ನ ಮಗಳು ಇಂಚರಳ ಮರಿಮೊಮ್ಮಗಳು ಮಲ್ಲಾಜಮ್ಮ ಮಾಡುವ ಶರಣು.

ಮೊದಲು ಎಲ್ಲರ ಕ್ಷೇಮ ಕೇಳುತ್ತೇನೆ. ನಿನ್ನ ಅತ್ತೆ ಲಲಿತಮ್ಮನವರ ಮಂಡಿ ಹೇಗಿದೆ? ಮೆಟ್ಟಿಲು ಹತ್ತುವಾಗ ಇನ್ನೂ ಗೋಡೆ ಹಿಡಿಯುತ್ತಾರೋ? ನಿನ್ನ ಯಜಮಾನರು ಮಹದೇವಸ್ವಾಮಿ, ದಿನವಿಡೀ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವವರು, ಅವರ ಬೆನ್ನು ನೋವು ಇಳಿಯಿತೋ? ಇಂಚರಳಿಗೆ ಸೋಮವಾರ ಬೆಳಿಗ್ಗೆ ಮಾತ್ರ ಬರುವ ಆ ಹೊಟ್ಟೆನೋವು ಈಗಲೂ ಬರುತ್ತದೋ? ನಿನ್ನನ್ನು ಕೊನೆಗೆ ಕೇಳುತ್ತಿದ್ದೇನೆ, ಬೇಕೆಂದೇ. ನಿಮ್ಮ ಮನೆಯಲ್ಲಿ ಎಲ್ಲರೂ ನಿನ್ನನ್ನು ಕೊನೆಗೇ ಕೇಳುವುದು. ನೀನು ಚೆನ್ನಾಗಿದ್ದೀನಿ ಅನ್ನುವಷ್ಟರಲ್ಲಿ ಅವರು ಎದ್ದು ಹೋಗಿರುತ್ತಾರೆ. ನಾನು ಎದ್ದು ಹೋಗುವವಳಲ್ಲ. ಹೇಗಿದ್ದೀಯ, ಅವ್ವ?

ತಾರೀಕು ನೋಡಿ ನಗಬೇಡ. ನಿಮ್ಮ ಕಾಲದಲ್ಲಿ ಇಂಥ ದಿನವೇ ಇರಲಿಲ್ಲವೆಂದು ನನಗೂ ಗೊತ್ತು. ನಮ್ಮವರು ಬಿರುಬೇಸಿಗೆಯ ತಿಂಗಳುಗಳಿಂದ ಒಂದೊಂದು ದಿನ ಕಿತ್ತು ಬೇರೆ ತಿಂಗಳುಗಳಿಗೆ ಹೊಲಿದಿದ್ದಾರೆ. ಬಿಸಿಲೇನೂ ಅದರಿಂದ ಮೋಸ ಹೋಗಲಿಲ್ಲ. ನನ್ನ ಮಾತುಗಳೂ ನಿನಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸು. ನಾನು ಶಾಲೆಗೆ ಹೋದವಳಲ್ಲ. ಓದು ಬರಹ ನಾನೇ ಕೂತು ಕಲಿತದ್ದು, ಅದೂ ನಲವತ್ತು ದಾಟಿದ ಮೇಲೆ. ಇನ್ನೊಂದು, ನೀನು ನನಗೆ ನಾಲ್ಕು ತಲೆ ಹಿಂದಿನವಳು, ಆದರೆ ನನ್ನ ಕೈಯಲ್ಲಿರುವ ಕಾಗದಗಳಲ್ಲಿ ನಿನಗೆ ಮೂವತ್ತನಾಲ್ಕು ವರ್ಷ. ನನಗೆ ಎಪ್ಪತ್ತೇಳು. ಅಜ್ಜಿ ಅನ್ನಲು ನಾಲಿಗೆ ಹೊರಳದು, ಅದಕ್ಕೇ ಅವ್ವ ಅನ್ನುತ್ತೇನೆ.

ಆ ಕಾಗದಗಳ ವಿಷಯ ಹೇಳಬೇಕು. ನಿಮ್ಮ ಫೋನುಗಳಲ್ಲಿ ‘ಮನೆ ಮಂದಿ’ ಎಂಬ ಗುಂಪು ಇತ್ತಲ್ಲ, ಅದರ ಮಾತುಗಳನ್ನೆಲ್ಲ ಇಂಚರ ದೊಡ್ಡವಳಾದ ಮೇಲೆ ಕಾಗದದ ಮೇಲೆ ತೆಗೆಸಿ, ಪ್ಲಾಸ್ಟಿಕ್ ಸುತ್ತಿ, ಟ್ರಂಕಿನಲ್ಲಿ ಇಟ್ಟಿದ್ದಳು. ಬೇರೆಯವರ ಮನೆಯಲ್ಲಿ ತಾಮ್ರದ ಹಂಡೆ ಇಳಿದು ಬಂದ ಹಾಗೆ ನಮ್ಮ ಮನೆಗೆ ಈ ಟ್ರಂಕು ಬಂತು. ಅವಳು ಯಾಕೆ ಇಟ್ಟಳೆಂದು ಯಾರಿಗೂ ಹೇಳಲಿಲ್ಲ. ನಿನ್ನ ಬಗ್ಗೆ ಕೇಳಿದರೆ ಒಂದೇ ಮಾತು ಹೇಳಿ ಎದ್ದು ಹೋಗುತ್ತಿದ್ದಳಂತೆ: ‘ಪಾಪ, ನಮ್ಮಮ್ಮ ಯಾರಿಗೂ ತೊಂದರೆ ಕೊಡಲಿಲ್ಲ.’ ಅಷ್ಟೇ ನಮಗೆ ಉಳಿದದ್ದು. ಅದು ಹೊಗಳಿಕೆಯೋ ಅಳುವೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ.

ಒಂದು ವರ್ಷ ಹೊಳೆ ಮನೆಯೊಳಗೆ ಬಂದಾಗ ಆ ಹಾಳೆಗಳು ನೆನೆದು ಒಂದಕ್ಕೊಂದು ಕಚ್ಚಿಕೊಂಡವು. ಇಡ್ಲಿ ಪಾತ್ರೆಯ ಹಬೆಗೆ ಹಿಡಿದು, ಬಳೆಯ ಚೂರಿನಿಂದ ಎಬ್ಬಿಸಿದರೆ ವಾರಕ್ಕೆ ನಾಲ್ಕು ಹಾಳೆ ಬಿಡುತ್ತವೆ. ಹೀಗೆ ಬಿಡಿಸುತ್ತ ಬಿಡಿಸುತ್ತ ನಿನ್ನ ಪರಿಚಯವಾಯಿತು. ‘ಕುಕ್ಕರ್ ಕೂಗಿದ್ದು ಕೇಳಿಸಲೇ ಇಲ್ಲ, ಅನ್ನ ಸೀದೋಯ್ತು.’ ‘ಏನಿಲ್ಲ, ಸ್ವಲ್ಪ ಸುಸ್ತು.’ ‘ಸುಮ್ನೆ ಕೂತಿದ್ದೆ, ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ.’ ‘ಇಂಚರಾಗೆ ಹೊಡೆದುಬಿಟ್ಟೆ, ಯಾಕೆ ಅಂತ ಗೊತ್ತಿಲ್ಲ.’ ಆಮೇಲೆ ಒಂದು ದಿನ ನಿನ್ನ ಅತ್ತೆ, ಇಂಚರಳ ಕೈಲಿ ಬರೆಸಿದ್ದು: ‘ನಮ್ ಮಂಡಿ ಡಾಕ್ಟ್ರು ಪಕ್ಕದ ರೂಮಲ್ಲಿ ಬುಧವಾರ ಬುಧವಾರ ಒಬ್ರು ಮೇಡಂ ಕೂತ್ಕತಾರೆ. ಆಪ್ತ ಸಮಾಲೋಚಕಿ ಅಂತೆ. ಮನಸಿನ ಮಾತು ಕೇಳ್ತಾರಂತೆ. ಒಂದ್ಸಲ ಹೋಗಿ ಬಾರವ್ವ.’ ಅದರ ಕೆಳಗೆ ಮಹದೇವಸ್ವಾಮಿಯವರು, ಯಾವುದೋ ಬಸ್ ಸ್ಟ್ಯಾಂಡಿನಿಂದ: ‘ಅವ್ಳಿಗೇನಾಗದೆ, ಗುಂಡುಕಲ್ಲು ಇದ್ದಂಗವ್ಳೆ.’ ಅದರ ಕೆಳಗೆ ನೀನು: ‘ಅಯ್ಯೋ ಬಿಡಿ ಅತ್ತೆ. ಅಲ್ಲಿಗೆ ಎಷ್ಟೋ ದೊಡ್ಡ ಕಷ್ಟ ಇರೋರು ಬರ್ತಾರೆ. ನಂದೇನು.’

ಅದನ್ನು ಓದಿ ನಾನು ಒಲೆ ಆರಿಸಿ ಕೂತುಬಿಟ್ಟೆ. ಯಾಕೆಂದರೆ ಆ ಮಾತನ್ನು ನಾನು ಮೊದಲೇ ಕೇಳಿದ್ದೆ, ನನ್ನ ತಮ್ಮನ ಬಾಯಲ್ಲಿ.

ನಮ್ಮ ಕಾಲದಲ್ಲಿ ಕೇರಿಗೊಂದು ಕೇಳ್ಮನೆ ಇದೆ. ನೀರಿನ ಟ್ಯಾಂಕು, ದವಾಖಾನೆ ಇರುವ ಹಾಗೆಯೇ ಇದೂ. ಒಳಗೆ ಕೇಳುಗರು ಕೂತಿರುತ್ತಾರೆ. ನಿಮ್ಮ ಬುಧವಾರದ ಮೇಡಂ ಇದ್ದರಲ್ಲ, ಅವರ ವಂಶದವರು ಅಂದುಕೋ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬಿಸಿಲಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಅದಕ್ಕೆ ತಂಪುಹೊತ್ತು ಎನ್ನುತ್ತೇವೆ, ಹೊರಗೆ ತಂಪಿರುತ್ತದೆಂದಲ್ಲ, ಒಳಗೆ ಇರಬೇಕೆಂದು. ಆ ಹೊತ್ತಿನಲ್ಲಿ ಜನ ಬೀದಿಯ ಮೇಲೆ ಕಟ್ಟಿದ ನೆರಳುಬಟ್ಟೆಯ ಅಡಿಯಲ್ಲೇ ನಡೆದು ಕೇಳ್ಮನೆಗೆ ಬರುತ್ತಾರೆ. ಬಾಗಿಲಲ್ಲಿ ಸರದಿ ನೋಡಿಕೊಳ್ಳುವವಳು ನಾನು, ಮೂವತ್ತೊಂದು ವರ್ಷದಿಂದ. ಬಂದವರ ಅಂಗೈಗೆ ಹೊಳೆಯ ಒಂದು ನುಣುಪು ಕಲ್ಲು ಕೊಡುತ್ತಿದ್ದೆ, ಅದೇ ಅವರ ಸರದಿ. ಯಾಕೆ ಬಂದಿರಿ ಎಂದು ಕೇಳಿ ಒಂದು ಸಾಲು ಬರೆದುಕೊಳ್ಳುತ್ತಿದ್ದೆ. ಆ ಸಾಲುಗಳನ್ನು ನೀನು ನೋಡಬೇಕಿತ್ತು. ಕೆಲಸದಿಂದ ನಿವೃತ್ತನಾದವನು ಈಗಲೂ ಐದಕ್ಕೆ ಎದ್ದು ಅಂಗಿ ಇಸ್ತ್ರಿ ಮಾಡಿ ಕೂರುತ್ತಾನಂತೆ. ಒಬ್ಬಾಕೆಗೆ ತೊಳೆದ ಲೋಟವನ್ನೇ ಮತ್ತೆ ತೊಳೆಯಬೇಕು ಅನ್ನಿಸುತ್ತದಂತೆ. ಒಬ್ಬನಿಗೆ ಹೊರಗಿನವರ ಹತ್ತಿರ ಬೆಣ್ಣೆಯಂಥ ಮಾತು, ಹೊಸಿಲು ದಾಟಿದ ಕೂಡಲೇ ಸಿಡುಕು. ತೀರಿಕೊಂಡ ಹೆಂಡತಿಯ ಮಾತ್ರೆ ಚೀಟಿ ಎಸೆಯಲಾಗದೆ ಜೇಬಿನಲ್ಲೇ ಇಟ್ಟುಕೊಂಡು ತಿರುಗುವ ಒಬ್ಬ ಮುದುಕಪ್ಪ ಪ್ರತಿ ಗುರುವಾರ ಬರುತ್ತಿದ್ದ. ಯಾರಿಗೂ ಹುಚ್ಚಿರಲಿಲ್ಲ, ಅವ್ವ. ಕಾಲಿಗೆ ಮುಳ್ಳು ಚುಚ್ಚಿದರೆ ತೆಗೆಸಿಕೊಳ್ಳುತ್ತೇವಲ್ಲ, ಹಾಗೆ ಬರುತ್ತಿದ್ದರು. ಹೊರಗೆ ಬರುವಾಗ ಕೆಲವರ ಕಣ್ಣು ಕೆಂಪಗಿರುತ್ತಿತ್ತು, ಆದರೆ ಚಪ್ಪಲಿ ಮೆಟ್ಟುವಾಗ ಬಂದಾಗಿನ ಭಾರ ಇರುತ್ತಿರಲಿಲ್ಲ.

ಇಷ್ಟೆಲ್ಲ ಚೆನ್ನಾಗಿದ್ದ ಕಡೆ ನಾವೊಂದು ತಪ್ಪು ಮಾಡಿದೆವು, ಅದನ್ನು ಮರ್ಯಾದೆ ಎಂದು ಕರೆದೆವು. ತನಗಿಂತ ದೊಡ್ಡ ದುಃಖದವರು ಹಿಂದೆ ನಿಂತಿದ್ದರೆ ಅವರ ಕೈಗೆ ತನ್ನ ಕಲ್ಲು ಕೊಟ್ಟು ಹಿಂದಿರುಗುವುದು ನಮ್ಮ ಕೇರಿಯ ಪದ್ಧತಿಯಾಯಿತು. ಹಾಗೆ ಬಿಟ್ಟುಕೊಟ್ಟವರಿಗೆ ನಾನೇ ಒಂದು ಲೋಟ ಮಜ್ಜಿಗೆ ಕೊಟ್ಟು, ನಾಲ್ಕು ಜನಕ್ಕೆ ಕೇಳುವಂತೆ ದೊಡ್ಡ ಮನಸ್ಸು ಎನ್ನುತ್ತಿದ್ದೆ. ಆ ಮಜ್ಜಿಗೆ ಶುರು ಮಾಡಿದವಳೂ ನಾನೇ.

ನನ್ನ ತಮ್ಮ ಪ್ರಭುಸ್ವಾಮಿ ನೆರಳುಬಟ್ಟೆ ಹೊಲಿಯುವವನು. ಈ ಊರಿನ ಅರ್ಧ ನೆರಳು ಅವನ ಕೈಯದು. ಐವತ್ತೆಂಟು ವಯಸ್ಸಿಗೆ ಒಂದು ದಿನ ಕೇಳ್ಮನೆಗೆ ಬಂದ. ಯಾಕೋ ಎಂದರೆ, ‘ಸೂಜಿಗೆ ದಾರ ಏರ್ಸಕ್ಕೆ ಬೇಜಾರು ಕಣಕ್ಕ’ ಅಂದ. ನಾನು ನಕ್ಕು, ‘ಕನ್ನಡಕ ಹಾಕ್ಕೊ ಹೋಗಲೋ’ ಅಂದೆ. ಅವನೂ ನಕ್ಕ. ಆದರೂ ಕಲ್ಲು ಕೊಟ್ಟೆ. ಅವನ ಹಿಂದೆ ಮಗು ಕಳೆದುಕೊಂಡ ತಾಯಿಯೊಬ್ಬಳು ನಿಂತಿದ್ದಳು. ‘ಅವ್ಳ ಕಷ್ಟದ ಮುಂದೆ ನಂದೇನಕ್ಕ’ ಎಂದು ಅವಳ ಕೈಗೆ ಕಲ್ಲು ಇಟ್ಟು ಬಂದ. ಮುಂದಿನ ವಾರ ಮತ್ತೆ ಬಂದ, ಮತ್ತೆ ಬೇರೆ ಯಾರಿಗೋ ಕೊಟ್ಟ. ನನಗೆ ಹೆಮ್ಮೆ. ನನ್ನ ತಮ್ಮನನ್ನು ನೋಡಿ ಕಲೀರಿ ಎಂದು ಅವನೆದುರಿಗೇ ಹೇಳಿದೆ. ಹಾಗೆ ಹೇಳಿದ ಮೇಲೆ ಅವನು ಹೇಗೆ ತಾನೇ ಒಳಗೆ ಹೋದಾನು? ಪ್ರತಿ ಸಲ ಮಜ್ಜಿಗೆ ಕುಡಿದು, ‘ಉಪ್ಪು ಮರ್ತಿದ್ದೀಯ ಕಣಕ್ಕ, ವಯಸ್ಸಾಯ್ತು ನಿಂಗೆ’ ಎಂದು ಚುಡಾಯಿಸುತ್ತಿದ್ದ. ನಾನು ಇನ್ನೊಂದು ಚಿಟಿಕೆ ಹಾಕಿ ಕೊಡುತ್ತಿದ್ದೆ.

ಉಪ್ಪು ಹಾಕಿದ್ದೆ, ಅವ್ವ. ಎಲ್ಲ ಸಲವೂ ಹಾಕಿದ್ದೆ. ಅವನ ನಾಲಿಗೆಗೆ ಅದು ತಲುಪುತ್ತಿರಲಿಲ್ಲ.

ಒಂದು ದಿನ ಸರೀ ತಂಪುಹೊತ್ತಿನಲ್ಲಿ ಅವನು ನೆರಳುಬಟ್ಟೆ ಮುಗಿಯುವಲ್ಲಿಂದ ಆಚೆ, ಬರಿತಲೆಯಲ್ಲಿ ಹೊಳೆಯ ಮರಳಿನ ಮೇಲೆ ನಡೆದು ಹೋದ. ಬೇಕೆಂದು ಹೋದನೋ, ಹೊತ್ತು ಮರೆತು ಹೋದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಂಜೆ ಜನ ಹೊತ್ತು ತಂದರು. ಹನ್ನೊಂದನೆಯ ದಿನ ಮನೆ ತುಂಬ ಜನ. ಒಬ್ಬೊಬ್ಬರೂ ನನ್ನ ಕೈ ಹಿಡಿದು, ‘ನಿಮ್ಮ ತಮ್ಮ ನನಗೆ ಸರದಿ ಬಿಟ್ಟುಕೊಟ್ಟ ಪುಣ್ಯಾತ್ಮ’ ಎಂದರು. ಆ ಮಗು ಕಳೆದುಕೊಂಡ ತಾಯಿಯೂ ಬಂದಿದ್ದಳು, ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕೊನೆಗೆ ಹಿರಿಯರೊಬ್ಬರು ಹೇಳಿದರು: ಪಾಪ, ಯಾರಿಗೂ ತೊಂದರೆ ಕೊಡಲಿಲ್ಲ.

ಈಗ ನಮ್ಮ ಬಾಗಿಲಲ್ಲಿ ಮಜ್ಜಿಗೆ ಇಲ್ಲ. ಅವನ ಪೆಟ್ಟಿಗೆಯಲ್ಲಿ ಉಳಿದಿದ್ದ ದಾರದಿಂದ ಬಂದವರ ಮುಂಗೈಗೆ ಕಲ್ಲನ್ನು ಕಟ್ಟಿಬಿಡುತ್ತೇನೆ. ಬಿಚ್ಚುವುದು ಒಳಗಿರುವ ಕೇಳುಗರೇ. ಕಾರಣವನ್ನು ಕೇಳುವುದನ್ನೂ ಬಿಟ್ಟಿದ್ದೇನೆ.

ಅದಕ್ಕೇ ಈ ಕಾಗದ. ಹಿಂದಕ್ಕೆ ಹೋಗುವ ಅಂಚೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ನಿನ್ನ ಮಾತುಗಳು ಬಂದ ಟ್ರಂಕಿನಲ್ಲೇ ಇದನ್ನು ಇಡುತ್ತೇನೆ. ಆ ದಾರಿಯಲ್ಲಿ ನೀನು ನನ್ನ ತನಕ ಬಂದೆಯಲ್ಲ, ನಾನು ನಿನ್ನ ತನಕ ಬರಬಾರದೆಂದು ಏನಿದೆ? ಬುಧವಾರ ಹೋಗಿ ಬಾ, ಅವ್ವ. ಇಂಚರಳನ್ನು ಲಲಿತಮ್ಮನವರ ಹತ್ತಿರ ಬಿಡು, ಅವರೇ ಹೇಳಿದ್ದಾರೆ, ಬೇಡ ಅನ್ನುವುದಿಲ್ಲ. ಯಜಮಾನರು ಏನಾದರೂ ಅಂದರೆ ಅನ್ನಲಿ, ಅವರಿಗೂ ಒಂದು ದಿನ ಆ ಮೇಡಂ ಬೇಕಾಗಬಹುದು. ಅಲ್ಲಿ ಹೋಗಿ ಹೇಳಲು ದೊಡ್ಡ ಕಷ್ಟ ಹುಡುಕಬೇಡ. ಅನ್ನ ಸೀದಿತು ಎಂದು ಹೇಳು, ಸಾಕು. ಬೆಂಚಿನ ಮೇಲೆ ನಿನ್ನ ಪಕ್ಕ ಯಾರೇ ಅಳುತ್ತಾ ಕೂತಿರಲಿ, ನಿನ್ನ ಸರದಿ ಬಿಟ್ಟುಕೊಡಬೇಡ.

ಹೋಗಿ ಬಂದ ಮೇಲೆ ಗುಂಪಿನಲ್ಲಿ ಒಂದು ಸಾಲು ಹಾಕು. ‘ಹೋಗಿದ್ದೆ’ ಅಂತಷ್ಟೇ ಹಾಕಿದರೂ ಆಯಿತು. ನಾನು ಬಿಡಿಸಬೇಕಾದ ಹಾಳೆಗಳು ಇನ್ನೂ ಎರಡು ಬೆರಳು ದಪ್ಪ ಇವೆ. ಹಬೆಗೆ ಕಣ್ಣು ಮಂಜಾಗುತ್ತದೆ, ಆದರೂ ವಾರಕ್ಕೆ ನಾಲ್ಕು ತಪ್ಪಿಸುವುದಿಲ್ಲ. ನಾಳೆ ಬೆಳಿಗ್ಗೆ ಮತ್ತೆ ನೀರು ಕಾಯಿಸುತ್ತೇನೆ. ಬೇಗ ಬರೆ, ಅವ್ವ, ನಾನು ಇರುವಾಗಲೇ ಸಿಗುವ ಹಾಗೆ.

ನಿನ್ನ
ಮಲ್ಲಾಜಮ್ಮ