ತಾಯಿ ಹೆಪ್ಪು

ಗುರುವಾರ, ಮಾರ್ಚ್ ೧೨
ಬೆಳಗಿನ ಹತ್ತು ಗಂಟೆ

ನನ್ನ ಪುಟ್ಟಿಗೆ, ಅಮ್ಮನ ತುಂಬು ಪ್ರೀತಿ.

ಇಲ್ಲಿ ನಾನು ಕ್ಷೇಮ ಎಂದು ಬರೆಯಲು ಹೊರಟೆ. ಅದು ಪೂರ್ತಿ ನಿಜವಲ್ಲ, ಆದ್ದರಿಂದ ಬಿಟ್ಟಿದ್ದೇನೆ. ನಿನ್ನ ಪತ್ರ ಸೋಮವಾರವೇ ಕೈಸೇರಿತು. ಗಣಿತದ ಟೀಚರು ಕ್ಷಮೆ ಕೇಳುವಾಗಲೂ ನಂಬರ್ ಹಾಕುತ್ತಾಳಲ್ಲ ಎಂದು ಮೊದಲು ನಗು ಬಂತು. ಒಂದು, ಜ್ವರ ಬಂದದ್ದು ಔಷಧಿ ಹಾಕಲು ಕತ್ತಿನ ಹತ್ತಿರ ಕೂರಿಸಿದ ನಳಿಕೆಯಲ್ಲಿ ಸೇರಿಕೊಂಡ ಕ್ರಿಮಿಯಿಂದ, ಮೊಸರಿನಿಂದ ಅಲ್ಲ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗಿದೆ. ಎರಡು, ನಿನ್ನನ್ನು ಸುಮ್ಮನೆ ಅನುಮಾನಿಸಿದೆ, ತಪ್ಪಾಯಿತು. ಮೂರು, ವಾಪಸ್ ಬಾ. ಮೂರನೆಯದನ್ನು ಓದಿದವಳೇ ಅಟ್ಟದಿಂದ ಸೂಟ್‌ಕೇಸ್ ಇಳಿಸಿದೆ. ಎರಡನೆಯದನ್ನು ಮತ್ತೊಮ್ಮೆ ಓದಿ ಮಂಚದ ಮೇಲೆ ಹಾಗೇ ಕೂತುಬಿಟ್ಟೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅದನ್ನೇ ನೆಪ ಮಾಡಿಕೊಂಡು ಮಾತು ತಿರುಗಿಸುತ್ತೇನೆ. ಕಾಗದವಾದರೆ ನೀನು ಕೊನೆಯ ತನಕ ಸುಮ್ಮನಿರಲೇಬೇಕು.

ನಾನು ಕೆಲಸಕ್ಕಿದ್ದ ಡೇರಿಯ ಹೆಪ್ಪಿನ ಕೋಣೆಯನ್ನು ನೀನು ಚಿಕ್ಕವಳಿದ್ದಾಗ ಗಾಜಿನಾಚೆಯಿಂದ ನೋಡಿದ್ದೀಯ. ಎರಡು ಬಾಗಿಲು, ಒಂದು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಒಳಗೆ ಹತ್ತಿಯ ಬಿರಡೆ ಹಾಕಿದ ಸಣ್ಣ ಸೀಸೆ. ಆ ಸೀಸೆಯಿಂದ ಪಾತ್ರೆಗೆ, ಪಾತ್ರೆಯಿಂದ ಕ್ಯಾನಿಗೆ, ಕ್ಯಾನಿನಿಂದ ಇಡೀ ಊರಿನ ಮೊಸರಿಗೆ. ಮೊದಲ ಸೀಸೆಯದನ್ನು ನಮ್ಮ ಕಸುಬಿನಲ್ಲಿ ತಾಯಿ ಹೆಪ್ಪು ಎನ್ನುತ್ತಾರೆ. ನಾನು ಚೀಟಿಯ ಮೇಲೆ ಬರೀ ‘ತಾಯಿ’ ಎಂದು ಬರೆದು ತಾರೀಕು ಹಾಕುತ್ತಿದ್ದೆ. ಜತೆಯವರು ನನ್ನನ್ನೇ ಹೆಪ್ಪಮ್ಮ ಎಂದು ಕರೆದರು, ಅದೇ ಉಳಿಯಿತು. ನೆಗಡಿಯಾದವರನ್ನು, ಬೆರಳು ಕೊಯ್ದುಕೊಂಡವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದೆ. ಮ್ಯಾನೇಜರಾದರೂ ಅಷ್ಟೇ. ಅಂಥವಳು ನಿನ್ನ ಕೋಣೆಗೆ ಏನು ತಂದಳು ಎಂಬುದನ್ನು ಈಗ ಹೇಳಬೇಕು, ಅದಕ್ಕೇ ಈ ಸುತ್ತುಬಳಸು.

ನಿನ್ನ ಮೂಳೆಯ ಮಜ್ಜೆ ಬದಲಿಸಿ ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದರಲ್ಲ. ದೇಹದ ಕಾವಲಿನ ದೊಡ್ಡ ಪಾಲು ಕರುಳಿನ ಗೋಡೆಯಲ್ಲೇ ಇರುತ್ತದೆ ಎಂದರು. ಒಳ್ಳೆಯ ಬ್ಯಾಕ್ಟೀರಿಯಾ ಅಲ್ಲಿ ಜಾಗ ಹಿಡಿದು ಕೂತರೆ ಕೆಟ್ಟವಕ್ಕೆ ಸೀಟು ಸಿಗುವುದು ಕಷ್ಟ. ಗೋಡೆ ಬಿಗಿಯಾಗಿರಲೂ ಅವು ನೆರವಾಗುತ್ತವೆ. ಯಾರ ಮೇಲೆ ಬೀಳಬೇಕು, ಯಾರನ್ನು ಸುಮ್ಮನೆ ಬಿಡಬೇಕು ಎಂಬುದನ್ನು ಕಾವಲಿನ ಕಣಗಳು ಅವುಗಳ ಒಡನಾಟದಲ್ಲೇ ಕಲಿಯುತ್ತವಂತೆ. ನನಗೆ ನನ್ನ ಕಸುಬನ್ನೇ ಹೊಗಳಿದ ಹಾಗಾಗಿ ಜಂಬದಿಂದ ತಲೆಯಾಡಿಸಿದೆ. ಆಮೇಲೆ ಅವರು ‘ಆದರೆ’ ಎಂದರು. ನಿನ್ನ ಕಡೆ ಕೈ ತೋರಿಸಿ, ಇವರಲ್ಲಿ ಸದ್ಯಕ್ಕೆ ಕಾವಲಿನವರು ಬೆರಳೆಣಿಕೆಯಷ್ಟು, ಗೋಡೆಯೂ ಇನ್ನೂ ಹಸಿ. ಇಂಥ ಹೊತ್ತಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಕೂಡ ರಕ್ತಕ್ಕೆ ನುಗ್ಗಿದರೆ ತಡೆಯುವವರಿಲ್ಲ. ನಾನು ಹೇಳುವ ತನಕ ಮೊಸರೂ ಬೇಡ, ಅಂಗಡಿಯ ಕ್ಯಾಪ್ಸೂಲೂ ಬೇಡ ಎಂದರು. ‘ಆದರೆ’ಗೆ ಮುಂಚಿನದೆಲ್ಲ ನನ್ನ ತಲೆಗೆ ಹೋಯಿತು. ಆಮೇಲಿನದು ಕಿವಿಗೆ ಬಿತ್ತು, ಅಷ್ಟೇ.

ಮನೆಗೆ ಬಂದ ಮೇಲೆ ನಿನಗೆ ನಾಲ್ಕು ಚಮಚ ಗಂಜಿ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಉಂಗುರ ಬೆರಳಿನಿಂದ ತಾನಾಗಿಯೇ ಜಾರಿ ಬೇಸಿನ್ನಿಗೆ ಬಿತ್ತು. ನೀನು ನಕ್ಕೆ. ನನಗೆ ಜೀವ ಬಾಯಿಗೆ ಬಂತು. ಬೇರೆ ಕಡೆಯದಾದರೆ ಬೇಡ ಸರಿ, ನಮ್ಮ ಮನೆಯ ಹೆಪ್ಪು ಏನು ಮಾಡೀತು, ಹುಟ್ಟಿದಾಗಿನಿಂದ ಇವಳು ತಿಂದದ್ದೇ ಅಲ್ಲವೇ ಎಂದುಕೊಂಡೆ. ಊರಿನಿಂದ ಬರುವಾಗ ಚಿಕ್ಕ ಡಬ್ಬಿಯಲ್ಲಿ ತಂದಿದ್ದೆ. ಫ್ರಿಜ್ಜಿನಲ್ಲಿ ನಿನ್ನ ಔಷಧಿಗಳ ಹಿಂದೆ ಇಟ್ಟಿದ್ದೆ.

ಪುಟ್ಟಿ, ನಾನು ಮೊಸರು ಹಾಕಿದ್ದೆ. ಮೂರು ದಿನ, ದಿನಕ್ಕೆ ಎರಡು ಚಮಚ. ಗಂಜಿ ಆರುವ ತನಕ ಕಾದು, ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ಉಗುರುಬೆಚ್ಚಗಿದೆಯೇ ನೋಡಿ, ಆಮೇಲೆ ಕಲಸಿದೆ. ಕುದಿಯುವ ಗಂಜಿಗೆ ಹಾಕಿದ್ದರೆ ಬ್ಯಾಕ್ಟೀರಿಯಾ ಸತ್ತಾದರೂ ಹೋಗುತ್ತಿತ್ತು. ಕಸುಬು ಬಲ್ಲವಳು ನೋಡು, ಅಷ್ಟು ತಪ್ಪು ಕೂಡ ಮಾಡಲಿಲ್ಲ.

ಮೂರನೆಯ ದಿನ ನೀನು ಚಮಚ ಕೆಳಗಿಟ್ಟು, ಅಮ್ಮಾ ಇದು ಹುಳಿ ಇದೆ, ಮೊಸರು ಹಾಕಿದ್ಯಾ ಎಂದು ಕೇಳಿದೆ. ನಿನ್ನ ಬಾಯಿರುಚಿ ಕೆಟ್ಟಿದೆ ಕಣೇ ಎಂದೆ. ನೀನು ಮತ್ತೆ ಕೇಳಿದಾಗ, ಹೆತ್ತವಳ ಮೇಲೆ ಅಷ್ಟೂ ನಂಬಿಕೆ ಇಲ್ವಾ ಎಂದು ಮುಖ ಊದಿಸಿಕೊಂಡು ಡಬ್ಬಿ ಸಮೇತ ಮಧ್ಯಾಹ್ನದ ಬಸ್ಸು ಹತ್ತಿದೆ. ಅಮ್ಮ ಮುನಿಸಿಕೊಂಡು ಹೋದಳು ಎಂದು ನೀನು ತಿಳಿದಿದ್ದೀಯ. ಮುನಿಸಲ್ಲ, ಸಿಕ್ಕಿಬಿದ್ದೆನೆಂಬ ಭಯಕ್ಕೆ ಓಡಿಬಂದದ್ದು.

ಎರಡು ದಿನಕ್ಕೆ ನಿನಗೆ ಜ್ವರ ಬಂತು. ಅಳಿಯನ ಫೋನು ಬಂದಾಗ ಆಸ್ಪತ್ರೆಯವರು ಯಾವ ಕ್ರಿಮಿ ಎಂದು ಇನ್ನೂ ಹುಡುಕುತ್ತಿದ್ದರು. ಆಗ ನಾನು ಬಾಯಿ ಬಿಡಬೇಕಿತ್ತು. ಡಾಕ್ಟರಮ್ಮನ ನಂಬರನ್ನು ಮೂರು ಸಲ ಒತ್ತಿ ಮೂರು ಸಲವೂ ಇಟ್ಟುಬಿಟ್ಟೆ. ನೀನು ಹನ್ನೊಂದು ದಿನ ಅಲ್ಲಿ ಮಲಗಿದ್ದೆ, ನಾನು ಹನ್ನೊಂದು ದಿನ ಇಲ್ಲಿ ಸುಮ್ಮನಿದ್ದೆ. ಮೊಸರಿನದು ತಿಳಿಗೇಡಿತನ ಎಂದು ನೀನು ಕ್ಷಮಿಸಿಬಿಡಬಹುದು. ಈ ಸುಮ್ಮನಿದ್ದದ್ದನ್ನು ನಾನೇ ಕ್ಷಮಿಸಿಕೊಂಡಿಲ್ಲ.

ಜ್ವರ ಮೊಸರಿನದಲ್ಲ ಎಂದು ಓದಿದ ಕೂಡಲೇ ಗೋಡೆ ಹಿಡಿದು ಅತ್ತೆ. ಬಚಾವಾದೆ, ಇನ್ನು ಯಾರಿಗೂ ಹೇಳಬೇಕಿಲ್ಲ ಎಂದೂ ಒಂದು ಕ್ಷಣ ಅನ್ನಿಸಿತು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ತಪ್ಪಾಯಿತು ಎಂದು ನೀನು ಬರೆದ ಆ ಸಾಲನ್ನು ಇಟ್ಟುಕೊಂಡು ನಿನ್ನ ಮನೆಯ ಹೊಸ್ತಿಲು ದಾಟಲು ನನ್ನಿಂದ ಆಗುವುದಿಲ್ಲ.

ಈ ಕಾಗದವನ್ನು ಡಾಕ್ಟರಮ್ಮನಿಗೆ ತೋರಿಸು. ಅವರಿಗೆ ತಿಳಿದಿರಬೇಕು. ಆಮೇಲೆ ನಿನ್ನ ಮೂರನೆಯ ನಂಬರನ್ನು ಮತ್ತೊಮ್ಮೆ ಯೋಚಿಸು. ಬಾ ಎಂದರೆ ಬರುತ್ತೇನೆ. ಮ್ಯಾನೇಜರನ್ನು ನಾನು ನಿಲ್ಲಿಸುತ್ತಿದ್ದ ಹಾಗೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸು, ಚೀಲ ಜಾಲಾಡು, ಬೇಜಾರಿಲ್ಲ. ಬೇಡ ಎಂದರೆ ಇಲ್ಲೇ ಇರುತ್ತೇನೆ. ನಿನ್ನ ಬಿಳಿ ಕಣದ ಲೆಕ್ಕವನ್ನು ಮಾತ್ರ ವಾರಕ್ಕೊಮ್ಮೆ ಅಳಿಯನ ಕೈಲಿ ಹೇಳಿಸು.

ಸುಳ್ಳು ಹೇಳಿದ
ನಿನ್ನ ಅಮ್ಮ

ತಾ.ಕ.: ನಿನ್ನ ಪತ್ರದ ತುದಿಯಲ್ಲಿ, ನಂಬರ್ ಹಾಕದೆ, ಬರುವಾಗ ನಮ್ಮ ಹೆಪ್ಪು ತಾ, ಇನ್ನೆರಡು ತಿಂಗಳಾದ ಮೇಲೆ ಮೊಸರು ತಿನ್ನಬಹುದಂತೆ ಎಂದು ಬರೆದಿದ್ದೀಯ. ಅದು ಈಗಿಲ್ಲ. ಜ್ವರ ಎಂದು ಅಳಿಯ ಫೋನ್ ಮಾಡಿದ ಆ ಮಧ್ಯಾಹ್ನವೇ ಡಬ್ಬಿಗೆ ಕುದಿಯುವ ನೀರು ಸುರಿದೆ. ನೀನು ಹುಟ್ಟಿದ ವರ್ಷದಿಂದ ಒಂದು ದಿನವೂ ತಪ್ಪದೆ ಉಳಿಸಿಕೊಂಡು ಬಂದದ್ದು. ನಿನ್ನೆ ಡೇರಿಯ ಗೇಟಿನ ಕಾವಲುಗಾರ ಎದುರಾಗಿ, ಹೆಪ್ಪಮ್ಮಾ, ಹತ್ತು ವರ್ಷದ ಕೆಳಗೆ ನೀವು ಕೊಟ್ಟ ನಿಮ್ಮನೆ ಹೆಪ್ಪು ನಮ್ಮನೇಲಿ ಇನ್ನೂ ಇದೆ ಎಂದ. ಒಂದು ಚಮಚ ಕೊಡಪ್ಪಾ ಎನ್ನಲು ಬಾಯಿ ತೆರೆದು ಮುಚ್ಚಿಕೊಂಡೆ. ಇಷ್ಟನ್ನು ಓದಿದ ಮೇಲೂ ಬೇಕೆನ್ನಿಸಿದರೆ ಬರೆ, ಹೋಗಿ ಕೇಳುತ್ತೇನೆ.